ಕುದಿಸಿದ ನೀರೆಲ್ಲ ಶುದ್ಧವೇ?

‘ನಮ್ಮ ಮನೆಯಲ್ಲಿ ನೀರನ್ನು ಕುದಿಸಿಯೇ ಕುಡಿಯುತ್ತೇವೆ’ ಎನ್ನುವವರು ಬಹಳ ಮಂದಿ. ಅಭ್ಯಾಸ ಒಳ್ಳೆಯದೇ. ಚೆನ್ನಾಗಿ ಕುದಿದ ನೀರಿನಲ್ಲಿ ಕಾಲರಾ, ವಿಷಮಶೀತ ಜ್ವರ, ಕಾಮಾಲೆ ತರುವ ರೋಗಾಣುಗಳು ಉಳಿಯುವುದಿಲ್ಲ. ಆದರೆ ಜಿಗಣಿ, ಬೊಮ್ಮಸಂದ್ರ, ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಕೊಳವೆ ಬಾವಿಯನ್ನು ನಂಬಿರುವವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ನೀರಿನಲ್ಲಿ ಕರಗಿದ ಲವಣ, ಲೋಹಗಳು ಕುದಿಸಿದರೆ ಹೋಗವು. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ.

ಕಣ್ಣಿಗೆ ಕಾಣದ ಶತ್ರು

ನೈಟ್ರೇಟ್ ಚರಂಡಿ, ಶೌಚದ ಗುಂಡಿ ಮತ್ತು ಗೊಬ್ಬರಗಳಿಂದ ಇಂಗಿ ಅಂತರ್ಜಲ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದು ಮೀರಿದ ನೀರಿನಲ್ಲಿ ಪುಡಿಹಾಲು ಕಲಸಿ ಆರು ತಿಂಗಳೊಳಗಿನ ಕೂಸಿಗೆ ಕುಡಿಸಿದರೆ, ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು. ತುಟಿ, ಉಗುರು ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ತಾಯಿಯ ಹಾಲಿಗೆ ಈ ಭಯವಿಲ್ಲ.

ಪೀಣ್ಯದ ಅಂತರ್ಜಲದಲ್ಲಿ ಪತ್ತೆಯಾದ ಕ್ರೋಮಿಯಂ ಲೋಹಕ್ಕೆ ಮಿತಿ ಇನ್ನೂ ಕಡಿಮೆ, ಲೀಟರಿಗೆ 0.05 ಮಿಲಿಗ್ರಾಂ.

ಹೊಸ ವಿಧಾನಗಳು

ಕೊಳಚೆಯನ್ನು ಹುಟ್ಟಿದಲ್ಲೇ ಶುದ್ಧಗೊಳಿಸುವುದು ಮೇಲು. ಇಂದಿನ ಪೊರೆ ಸಹಿತ ಜೈವಿಕ ಘಟಕದಲ್ಲಿ ಬ್ಯಾಕ್ಟೀರಿಯಾಗಳು ಕಲ್ಮಷವನ್ನು ತಿನ್ನುತ್ತವೆ. ಅವುಗಳಿಗಿಂತ ಸಣ್ಣ ರಂಧ್ರಗಳ ಪೊರೆ ನೀರನ್ನು ಸೋಸುತ್ತದೆ. ಗಾಳಿಯಿಲ್ಲದ ತೊಟ್ಟಿಯ ಹಂತವೂ ಇದ್ದರೆ ನೈಟ್ರೇಟ್ ನಿರುಪದ್ರವಿ ಸಾರಜನಕವಾಗಿ ಹಾರಿಹೋಗುತ್ತದೆ. ಅತಿಸೂಕ್ಷ್ಮ ಕಬ್ಬಿಣದ ಕಣಗಳು ವಿಷಕಾರಿ ಕ್ರೋಮಿಯಂ ಅನ್ನು ಕಡಿಮೆ ಅಪಾಯದ ರೂಪಕ್ಕೆ ತರಬಲ್ಲವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನೀರಿನಲ್ಲಿನ ಪ್ಲಾಸ್ಟಿಕ್ ಸೂಕ್ಷ್ಮಕಣಗಳನ್ನು ಹಿಡಿದು, ಅತಿನೇರಳೆ ಬೆಳಕಿನಲ್ಲಿ ಒಡೆಯುವ ಜೆಲ್ ಒಂದನ್ನು ರೂಪಿಸಿ 2024ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಅದು ಶೇ. 90ಕ್ಕೂ ಹೆಚ್ಚು ಕಣಗಳನ್ನು ತೆಗೆಯಿತು.

ನೀವು ಮಾಡಬೇಕಾದುದು

* ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಕೊಳವೆ ಬಾವಿಯ ನೀರನ್ನು ಮಳೆಗಾಲಕ್ಕೆ ಮೊದಲು ಹಾಗೂ ನಂತರ ಪರೀಕ್ಷಿಸಿ. ನೈಟ್ರೇಟ್, ಫ್ಲೋರೈಡ್, ಲೋಹಗಳನ್ನು ಹೆಸರಿಸಿ ಕೇಳಿ.

* ಮಾರಾಟಗಾರರು ತೋರಿಸುವ ಟಿಡಿಎಸ್ ಮಾಪಕ ಒಟ್ಟು ಲವಣಾಂಶವನ್ನು ಮಾತ್ರ ಅಂದಾಜು ಮಾಡುತ್ತದೆ. ಇರುವುದು ಉಪ್ಪೋ ವಿಷವೋ ಎಂದು ಹೇಳದು.

* ಅತಿನೇರಳೆ ದೀಪ ರೋಗಾಣುಗಳನ್ನಷ್ಟೇ ಕೊಲ್ಲುತ್ತದೆ. ನೈಟ್ರೇಟ್, ಲೋಹ ಇದ್ದರೆ ಆರ್‌ಒ ಯಂತ್ರ ಬೇಕು. ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿ. ಅದು ಹೊರಹಾಕುವ ನೀರು ನೆಲ ಒರೆಸಲು, ಶೌಚಾಲಯಕ್ಕೆ ಸಾಕು.

ಪ್ರತಿ ಬಾವಿಯ ನೀರೂ ಕೆಟ್ಟಿದೆಯೆಂದು ಹೆದರಬೇಕಿಲ್ಲ. ಆದರೆ ಕಣ್ಣು, ಮೂಗು, ನಾಲಿಗೆಗಳನ್ನು ನಂಬಿ ಒಳ್ಳೆಯದೆಂದು ತೀರ್ಮಾನಿಸಲೂ ಬೇಡಿ. ಮೊದಲು ಪರೀಕ್ಷೆ, ಯಂತ್ರದ ಖರೀದಿ ಆಮೇಲೆ.