ಕಂಬದ ನೆರಳು ಕಾಣೆಯಾಗುವ ಮಧ್ಯಾಹ್ನ

ಪ್ರತಿ ವರ್ಷ ಏಪ್ರಿಲ್ 24ರ ಆಸುಪಾಸಿನಲ್ಲಿ ಒಂದು ಮಧ್ಯಾಹ್ನ ಪೀಣ್ಯದ ಶಾಲೆಗಳ ಧ್ವಜಕಂಬಕ್ಕೆ ನೆರಳೇ ಇರುವುದಿಲ್ಲ. ಅದು ಕಂಬದ ಬುಡದಲ್ಲೇ ಅಡಗಿಬಿಡುತ್ತದೆ. ಇದೇ ‘ಶೂನ್ಯ ನೆರಳಿನ ದಿನ’. ಆಗಸ್ಟ್ 18ರ ಸುಮಾರಿಗೆ ಇದು ಮರುಕಳಿಸುತ್ತದೆ. ಮಳೆಗಾಲದ ಮೋಡ ಅಡ್ಡಬರದಿದ್ದರೆ ಆಗಲೂ ನೋಡಬಹುದು.

ಕಾರಣವೇನು? ಭೂಮಿಯ ಅಕ್ಷ 23.4 ಡಿಗ್ರಿ ಓರೆಯಾಗಿದೆ. ಹೀಗಾಗಿ ಸೂರ್ಯ ವರ್ಷವಿಡೀ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಓಡಾಡಿದಂತೆ ತೋರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಉತ್ತರಕ್ಕೆ ಸಾಗುವಾಗ ಒಮ್ಮೆ, ಮರಳುವಾಗ ಒಮ್ಮೆ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಹಾಯುತ್ತಾನೆ. ಕರ್ಕಾಟಕ ವೃತ್ತದ ಆಚೆಗಿರುವ ದೆಹಲಿಗೆ ಈ ಭಾಗ್ಯವಿಲ್ಲ.

ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಾಗುತ್ತದೆ ಎಂದು ನಂಬಿದವರು ಬಹಳ. ನಿಜ ಬೇರೆ. ಭೂಮಿ ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ. ಜುಲೈನಲ್ಲಿ ಈ ದೂರ 15.2 ಕೋಟಿ ಕಿ.ಮೀ.ಗೆ ಏರುತ್ತದೆ. ಏಪ್ರಿಲ್ ಸೆಖೆಗೆ ಮುಖ್ಯ ಕಾರಣ ದೂರವಲ್ಲ, ನೆತ್ತಿಯ ಮೇಲಿಂದ ನೇರವಾಗಿ ಬೀಳುವ ಬಿಸಿಲು.

ನೆರಳು ಮಾಯವಾಗುವುದು ಗಡಿಯಾರದಲ್ಲಿ ಹನ್ನೆರಡು ಹೊಡೆದಾಗಲ್ಲ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ. ಆದ್ದರಿಂದ ಏಪ್ರಿಲ್‌ನಲ್ಲಿ ಸೂರ್ಯನ ಮಧ್ಯಾಹ್ನ ವೈಟ್‌ಫೀಲ್ಡ್‌ಗೆ ಸುಮಾರು 12.17ಕ್ಕೆ, ಪೀಣ್ಯಕ್ಕೆ 12.18ಕ್ಕೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಒಂದೇ ಊರಿನ ಎರಡು ಬಡಾವಣೆಗಳ ನಡುವೆಯೂ ಒಂದು ನಿಮಿಷದಷ್ಟು ಅಂತರ! ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಅದೇ ದಿನ ನೆರಳು ಬಹುತೇಕ ಮಾಯವಾಗುತ್ತದೆ.

ಇನ್ನು ಭೂಮಿಯನ್ನೇ ಅಳೆಯೋಣವೇ? ಬೀದರ್ ಬಹುಮಟ್ಟಿಗೆ ಪೀಣ್ಯದ ನೇರ ಉತ್ತರಕ್ಕೆ, ಸುಮಾರು 540 ಕಿ.ಮೀ. ದೂರದಲ್ಲಿದೆ. ಆ ದಿನ ಅಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಕೋಲಿಗೆ ಸುಮಾರು ಎಂಟೂವರೆ ಸೆಂ.ಮೀ. ನೆರಳಿರುತ್ತದೆ. ಕೋಲಿನ ತುದಿಯಲ್ಲಿ ಅದು ಮಾಡುವ ಕೋನ 4.9 ಡಿಗ್ರಿ. ಅಷ್ಟು ಡಿಗ್ರಿಗೆ 540 ಕಿ.ಮೀ. ಆದರೆ 360 ಡಿಗ್ರಿಗೆ ಎಷ್ಟು? ಸುಮಾರು 39,700 ಕಿ.ಮೀ. ಧ್ರುವಗಳ ಮೂಲಕ ಭೂಮಿಯ ನಿಜವಾದ ಸುತ್ತಳತೆ 40,008 ಕಿ.ಮೀ. ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಅನುಸರಿಸಿದ ಉಪಾಯವೂ ಇದೇ.

ಬೇಕಾದದ್ದು ಒಂದು ಕೋಲು, ಒಂದು ಅಳತೆಪಟ್ಟಿ, ಬೀದರ್‌ನಲ್ಲಿ ಒಬ್ಬ ಗೆಳೆಯ. ಮಕ್ಕಳು ಸೂರ್ಯನನ್ನು ಬರಿಗಣ್ಣಿನಿಂದ ನೋಡದಂತೆ ಪೋಷಕರು ಎಚ್ಚರ ವಹಿಸಬೇಕು. ನೋಡಬೇಕಾದದ್ದು ನೆರಳನ್ನು ಮಾತ್ರ. ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಅಂಕಿ ಅಂದು ಅಂಗಳದಲ್ಲೇ ಮಕ್ಕಳ ಕೈಗೆ ಸಿಗುತ್ತದೆ.