ಶಾಸನಗಳ ಛಾಯಾಚಿತ್ರದಲ್ಲಿ ಮಸೂರದ ವರ್ಧನ

ಶಾಸನವನ್ನು ಕಲ್ಲಿನ ಬಳಿಯಲ್ಲಿಯೇ ನಿಂತು ಓದುವ ಅವಕಾಶ ಸಂಶೋಧಕನಿಗೆ ಸ್ವಲ್ಪವೇ. ಉಳಿದ ಓದೆಲ್ಲವೂ ಪಡಿಯಚ್ಚಿನಿಂದಲೋ ಛಾಯಾಚಿತ್ರದಿಂದಲೋ ನಡೆಯತಕ್ಕದ್ದು. ಡಿಜಿಟಲ್ ಕ್ಯಾಮರಾ ಎಲ್ಲರ ಕೈಗೂ ಬಂದಿರುವ ಈ ದಿನಗಳಲ್ಲಿ ಪಡಿಯಚ್ಚಿನ ಶ್ರಮವನ್ನು ಬಿಟ್ಟು ಚಿತ್ರವನ್ನೇ ನಂಬುವವರೂ ಇದ್ದಾರೆ. ಆದುದರಿಂದ ಮಸೂರವು ಅಕ್ಷರವನ್ನು ಎಷ್ಟರಮಟ್ಟಿಗೆ ಹಿಡಿದುಕೊಡಬಲ್ಲುದೆಂಬುದನ್ನು ಚರಿತ್ರೆಯ ವಿದ್ಯಾರ್ಥಿಯೂ ಅರಿತಿರುವುದು ಯುಕ್ತ.

ಸಂವೇದಕದ ಮೇಲೆ ಬೀಳುವ ಬಿಂಬದ ಅಳತೆಗೂ ವಸ್ತುವಿನ ನಿಜವಾದ ಅಳತೆಗೂ ಇರುವ ಪ್ರಮಾಣವೇ ವರ್ಧನ. ವಸ್ತುವಿನ ದೂರದಲ್ಲಿ ಮಸೂರದ ನಾಭಿದೂರವನ್ನು ಕಳೆದು, ಉಳಿದುದರಿಂದ ನಾಭಿದೂರವನ್ನು ಭಾಗಿಸಿದರೆ ಅದು ದೊರೆಯುತ್ತದೆ. 50 ಮಿ.ಮೀ. ನಾಭಿದೂರದ ಮಸೂರವನ್ನು ಶಾಸನದಿಂದ 1050 ಮಿ.ಮೀ. ದೂರದಲ್ಲಿರಿಸಿದರೆ ವರ್ಧನವು 1/20, 20 ಮಿ.ಮೀ. ಎತ್ತರದ ಅಕ್ಷರವು 1 ಮಿ.ಮೀ. ಬಿಂಬವಾಗುತ್ತದೆ. 36 ಮಿ.ಮೀ. ಅಗಲದ ಸಂವೇದಕದಲ್ಲಿ ಅಡ್ಡಲಾಗಿ 6000 ಪಿಕ್ಸೆಲ್‌ಗಳಿದ್ದರೆ, ಆ ಅಕ್ಷರದ ಎತ್ತರಕ್ಕೆ ಸುಮಾರು 167 ಪಿಕ್ಸೆಲ್‌ಗಳು ಒದಗುತ್ತವೆ. ಓದಿಗೆ ಇಷ್ಟು ಸಾಕು.

ಇನ್ನು ಕಾರ್ಕಳದ ಗೊಮ್ಮಟನನ್ನು ತೆಗೆದುಕೊಳ್ಳೋಣ. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ಈ ಏಕಶಿಲಾಮೂರ್ತಿಯ ಎತ್ತರ ಸುಮಾರು 42 ಅಡಿ, ಎಂದರೆ 12.8 ಮೀಟರು. ಅದೇ ಕ್ಯಾಮರಾವನ್ನು ನಿಲುವಾಗಿ ಹಿಡಿದು ಸುಮಾರು 18 ಮೀಟರು ದೂರದಿಂದ ತೆಗೆದರೆ ಮೂರ್ತಿಯು ಚಿತ್ರವನ್ನು ತುಂಬುತ್ತದೆ. ಆಗ ವರ್ಧನವು 1/359. ಅಲ್ಲಿ 20 ಮಿ.ಮೀ. ಎತ್ತರದ ಅಕ್ಷರವೊಂದಿದೆಯೆಂದು ಭಾವಿಸಿದರೆ ಅದಕ್ಕೆ ದೊರೆಯುವುದು ಸುಮಾರು 9 ಪಿಕ್ಸೆಲ್ ಮಾತ್ರ. ಮೂರ್ತಿಯ ಗಾಂಭೀರ್ಯವನ್ನು ತೋರುವ ಚಿತ್ರದಿಂದ ಶಾಸನವನ್ನು ಓದಲೆಳಸುವುದು ವ್ಯರ್ಥವೆಂಬುದು ಇದರಿಂದ ಸ್ಪಷ್ಟ. ಅದೇ ಸ್ಥಳದಿಂದ 200 ಮಿ.ಮೀ. ಮಸೂರವನ್ನು ಬಳಸಿದರೆ ಸುಮಾರು 37 ಪಿಕ್ಸೆಲ್ ಸಿಗುತ್ತವೆ. ಹತ್ತಿರ ಹೋದರೆ ಇನ್ನೂ ಹೆಚ್ಚು.

ಸಂವೇದಕ ಚಿಕ್ಕದಾದರೆ ವರ್ಧನ ಹೆಚ್ಚುವುದೆಂಬ ಭಾವನೆ ಸರಿಯಲ್ಲ. 24 ಮಿ.ಮೀ. ಅಗಲದ ಸಂವೇದಕದಲ್ಲಿಯೂ ಆ ಮೊದಲ ಅಕ್ಷರದ ಬಿಂಬ 1 ಮಿ.ಮೀ. ಇರುತ್ತದೆ, ಕಲ್ಲಿನಲ್ಲಿ ಕಾಣುವ ಅಗಲ ಮಾತ್ರ 720ರಿಂದ 480 ಮಿ.ಮೀ.ಗೆ ಇಳಿಯುತ್ತದೆ. ಚಿಕ್ಕ ಸಂವೇದಕದಲ್ಲಿಯೂ 6000 ಪಿಕ್ಸೆಲ್‌ಗಳೇ ಇದ್ದರೆ ಅಕ್ಷರಕ್ಕೆ 250 ಒದಗುವುದುಂಟು. ಅದು ಪಿಕ್ಸೆಲ್‌ಗಳ ಸಾಂದ್ರತೆಯ ಫಲ. ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸುವುದರಿಂದಲಾದರೋ ಮಸೂರವು ಗ್ರಹಿಸದೆ ಬಿಟ್ಟ ರೇಖೆಯು ಮೂಡಲಾರದು.

ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಒಂದು ಒಳಗೆರೆಯದು. ಕಲ್ಲಿನ ಸಣ್ಣ ಕುಳಿಯು ಅನುಸ್ವಾರದಂತೆ ತೋರಬಹುದು. ಇಂತಹ ಒಂದು ತಪ್ಪಿನಿಂದ ಅರಸನ ಹೆಸರೋ ಊರಿನ ಹೆಸರೋ ಮಾರ್ಪಟ್ಟು, ಮುಂದಿನವರ ಬರಹಗಳಲ್ಲಿ ಸತ್ಯವೆಂದು ನೆಲೆಗೊಳ್ಳುತ್ತದೆ. ಆದಕಾರಣ ಮೊದಲು ಶಿಲೆಯ ಪೂರ್ಣಚಿತ್ರ, ಬಳಿಕ ಅಂಚುಗಳು ಒಂದರೊಳಗೊಂದು ಸೇರುವಂತೆ ಸಾಲುಸಾಲಾಗಿ ಸಮೀಪಚಿತ್ರಗಳು, ಪ್ರತಿಯೊಂದರಲ್ಲಿಯೂ ಒಂದು ಅಳತೆಕೋಲು, ಬೆಳಗಿನ ಅಥವಾ ಸಂಜೆಯ ಓರೆಬೆಳಕು—ಇಷ್ಟನ್ನು ಪಾಲಿಸತಕ್ಕದ್ದು. ಕರಾವಳಿಯ ಮಳೆಗೆ ಕಲ್ಲು ವರ್ಷವರ್ಷವೂ ಸವೆಯುತ್ತಿದೆ. ನಾಳಿನ ಓದುಗನಿಗೆ ನಾವು ತೆಗೆದ ಚಿತ್ರವೇ ಮೂಲವಾಗಬಹುದು.