ಮನೆಯ ಶೈತ್ಯಪೆಟ್ಟಿಗೆ: ಅದರ ಬಳಕೆ ಮತ್ತು ಪಾಲನೆ

ಮೇ ತಿಂಗಳ ಧಗೆಯಲ್ಲಿ ಆಟ ಮುಗಿಸಿ ಮನೆಗೆ ಮರಳಿದ ಕೂಡಲೇ ಮುಂಬಯಿಯ ಮಕ್ಕಳಾದ ನಾವು ಮೊದಲು ಮಾಡುವ ಕೆಲಸ ಯಾವುದು? ಕೈಕಾಲು ತೊಳೆಯುವುದಕ್ಕೂ ಮುಂಚೆ ಅಡಿಗೆಮನೆಯ ಮೂಲೆಯಲ್ಲಿ ನಿಂತಿರುವ ಫ್ರಿಜ್ಜಿನ ಬಾಗಿಲನ್ನು ತೆರೆದು ಅದರ ಮುಂದೆ ನಿಂತುಬಿಡುವುದು! ಊರಿನಿಂದ ಬಂದ ಹಿರಿಯರು ಈ ಯಂತ್ರವನ್ನು ನಗುತ್ತ ‘ತಂಗಳ ಪೆಟ್ಟಿಗೆ’ ಎಂದು ಕರೆಯುವುದುಂಟು. ಆ ಹೆಸರಿನಲ್ಲಿ ಹಾಸ್ಯವಿರುವಂತೆ ಒಂದು ಎಚ್ಚರಿಕೆಯ ಮಾತೂ ಅಡಗಿದೆ. ಒಳಗಿಟ್ಟದ್ದೆಲ್ಲ ಎಂದೆಂದಿಗೂ ಹೊಸದಾಗಿಯೇ ಉಳಿಯುವುದಿಲ್ಲ. ಹಗಲಿರುಳೂ ನಮಗಾಗಿ ದುಡಿಯುವ ಈ ಸೇವಕನನ್ನು ನಡೆಸಿಕೊಳ್ಳುವ ರೀತಿಯನ್ನು ಅರಿಯದಿದ್ದರೆ ಉಪಕಾರಕ್ಕೆ ಬದಲಾಗಿ ಅಪಾಯವೇ ಒದಗಬಹುದು. ಆದುದರಿಂದ ಈ ಶೈತ್ಯಪೆಟ್ಟಿಗೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಇಂದು ಗುಂಡಿಯೊಂದನ್ನು ಒತ್ತಿದರೆ ದೊರೆಯುವ ತಂಪು ಒಂದು ಕಾಲದಲ್ಲಿ ಸಮುದ್ರಗಳನ್ನು ದಾಟಿ ಬರಬೇಕಾಗಿತ್ತು. ಫ್ರೆಡರಿಕ್ ಟ್ಯೂಡರ್ ಎಂಬ ಅಮೆರಿಕದ ವ್ಯಾಪಾರಿಯು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆಯನ್ನು ಕೊಯ್ದು ಹಡಗಿಗೆ ತುಂಬಿ 1833ರಲ್ಲಿ ಬಾಸ್ಟನ್ನಿನಿಂದ ಕಲಕತ್ತೆಗೆ ಕಳುಹಿಸಿದನು. ಮದರಾಸಿನಲ್ಲಿ ಇಂಥ ಮಂಜುಗಡ್ಡೆಯನ್ನು ಕೂಡಿಡಲೆಂದು 1842ರಲ್ಲಿ ಕಟ್ಟಿದ ‘ಐಸ್ ಹೌಸ್’ ಇಂದಿಗೂ ಚೆನ್ನೈಯ ಕಡಲತೀರದಲ್ಲಿ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಕಟ್ಟಡವು ಈಗ ಅವರ ಹೆಸರನ್ನೇ ಹೊತ್ತಿದೆ. ಯಂತ್ರದಿಂದ ತಂಪನ್ನುಂಟುಮಾಡುವ ವಿಧಾನಕ್ಕೆ ಜೇಕಬ್ ಪರ್ಕಿನ್ಸನು ಲಂಡನ್ನಿನಲ್ಲಿ 1834ರಲ್ಲಿ ಹಕ್ಕುಪತ್ರ ಪಡೆದನು. ನಮ್ಮ ಮುಂಬಯಿಯ ಗೋದ್ರೇಜ್ ಸಂಸ್ಥೆಯವರು 1958ರಲ್ಲಿ ಶೈತ್ಯಪೆಟ್ಟಿಗೆಗಳ ತಯಾರಿಕೆಯನ್ನು ಕೈಗೊಂಡರು. ಅರಮನೆ, ದೊಡ್ಡ ಹೋಟೆಲುಗಳಲ್ಲಿದ್ದ ವಸ್ತುವು ಹೀಗೆ ಮೆಲ್ಲಮೆಲ್ಲನೆ ಚಾಳಿನ ಒಂದು ಕೋಣೆಯ ಮನೆಗೂ ಬಂದು ಸೇರಿತು.

ಈ ಪೆಟ್ಟಿಗೆಯೊಳಗೆ ತಂಪು ಹುಟ್ಟುವ ಬಗೆ ಹೇಗೆ? ಅಂಗೈಗೆ ಸ್ಯಾನಿಟೈಸರ್ ಹಚ್ಚಿಕೊಂಡಾಗ ತಣ್ಣಗಾಗುವುದನ್ನು ನಾವೆಲ್ಲರೂ ಬಲ್ಲೆವು. ದ್ರವವು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ನಮ್ಮ ಚರ್ಮದಿಂದ ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಶೈತ್ಯಪೆಟ್ಟಿಗೆಯಲ್ಲಿ ನಡೆಯುವುದೂ ಇದೇ. ಬೇಗ ಆವಿಯಾಗುವ ಒಂದು ದ್ರವವು ಫ್ರೀಜರಿನ ಗೋಡೆಗಳಲ್ಲಿರುವ ಸಣ್ಣ ಕೊಳವೆಗಳಲ್ಲಿ ಹರಿದು, ಆವಿಯಾಗುತ್ತ, ಒಳಗಿನ ಶಾಖವನ್ನು ಹೀರುತ್ತದೆ. ಕೆಳಗಿರುವ ಕಂಪ್ರೆಸರ್ ಆ ಆವಿಯನ್ನು ಸೆಳೆದು ಒತ್ತುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪು ಬಿಸಿಯಾಗುವಂತೆ, ಒತ್ತಡಕ್ಕೆ ಸಿಕ್ಕಿದ ಆವಿಯೂ ಬಿಸಿಯಾಗುತ್ತದೆ. ಆ ಶಾಖವು ಹಿಂಭಾಗದ ಇಲ್ಲವೆ ಪಕ್ಕದ ಗೋಡೆಗಳ ಕೊಳವೆಗಳಿಂದ ಹೊರಗಿನ ಗಾಳಿಗೆ ಸೇರಿ, ಆವಿಯು ಮತ್ತೆ ದ್ರವವಾಗುತ್ತದೆ. ಒಟ್ಟಿನಲ್ಲಿ ಈ ಯಂತ್ರವು ಮಾಡುವುದು ಶಾಖದ ಸಾಗಣೆ. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುವುದು ಮಾತ್ರ. ಹೀಗಿರುವಾಗ ಫ್ರಿಜ್ಜಿನ ಬಾಗಿಲನ್ನು ತೆರೆದಿಟ್ಟು ಕೋಣೆಯನ್ನು ತಂಪುಮಾಡಬಹುದೆ? ಆಗದು. ಯಂತ್ರವು ಬಿಡುವಿಲ್ಲದೆ ಓಡಿ ಕೋಣೆಯು ಇನ್ನಷ್ಟು ಬಿಸಿಯೇ ಆಗುವುದು. ಶಾಖವು ಸರಾಗವಾಗಿ ಹೊರಹೋಗಲೆಂದೇ ಪೆಟ್ಟಿಗೆಯನ್ನು ಗೋಡೆಗೆ ಒತ್ತಿಡಬಾರದು. ಒಲೆಯ ಪಕ್ಕದಲ್ಲಿಯೂ ಬಿಸಿಲು ಬೀಳುವಲ್ಲಿಯೂ ಇಡಬಾರದು.

ಇನ್ನು ಬಳಕೆಯ ವಿಷಯ. ಕೆಳಗಿನ ಅರೆಗಳಲ್ಲಿ ಉಷ್ಣತೆಯು 5 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಾಗಬಾರದು. ಆಹಾರವನ್ನು ಬಹುಕಾಲ ಹೆಪ್ಪುಗಟ್ಟಿಸಿಡಬೇಕಾದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯವು ಬೇಕು. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಉಷ್ಣತೆಯು ರೋಗಾಣುಗಳಿಗೆ ಹಬ್ಬವಿದ್ದಂತೆ. ಅನುಕೂಲ ಸ್ಥಿತಿಯಲ್ಲಿ ಕೆಲವು ಬಗೆಯ ಅಣುಜೀವಿಗಳು ಇಪ್ಪತ್ತೇ ನಿಮಿಷಗಳಲ್ಲಿ ಇಮ್ಮಡಿಯಾಗುತ್ತವೆ. ಶೈತ್ಯವು ಅವುಗಳನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ತಡೆಯುತ್ತದೆ ಅಥವಾ ನಿಧಾನಗೊಳಿಸುತ್ತದೆ, ಅಷ್ಟೆ. ಈ ಕಾರಣದಿಂದ ಉಳಿದ ಅನ್ನ ಸಾರುಗಳನ್ನು ಅಗಲವಾದ ಪಾತ್ರೆಗೆ ಬಗ್ಗಿಸಿ, ಬೇಗ ಆರಿಸಿ, ಮುಚ್ಚಳ ಮುಚ್ಚಿ, ಎರಡು ಗಂಟೆಯೊಳಗೆ ಒಳಗಿಡಬೇಕು. ಬೇಸಗೆಯ ಕಡುಸೆಕೆಯಲ್ಲಿ ಒಂದೇ ಗಂಟೆಯೊಳಗೆ ಇಡುವುದು ಲೇಸು. ಅನ್ನದ ವಿಷಯದಲ್ಲಿ ಈ ಎಚ್ಚರವು ಇನ್ನೂ ಹೆಚ್ಚಾಗಿರಬೇಕು. ಹೊರಗೆ ಬಹಳ ಹೊತ್ತು ಉಳಿದ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ.

ಹಸಿ ಮೀನು ಮಾಂಸಗಳನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿಡಬೇಕು. ಮೇಲಿಟ್ಟರೆ ಬಂಗುಡೆಯ ನೀರು ಕೆಳಗಿನ ಮೊಸರಿಗೆ ತೊಟ್ಟಿಕ್ಕೀತು. ದೋಸೆಯ ಹಿಟ್ಟು ಹುದುಗಿದ ಮೇಲೆ ಒಳಗಿಟ್ಟರೆ ಹುಳಿ ಏರುವುದು ನಿಧಾನವಾಗುವುದರಿಂದ ಎರಡು ಮೂರು ದಿನಗಳಿಗೆ ಒದಗುತ್ತದೆ. ಬಾಳೆಹಣ್ಣು, ಈರುಳ್ಳಿ, ಆಲೂಗಡ್ಡೆಗಳಿಗೆ ಮಾತ್ರ ಈ ತಂಪು ಹಿತವಲ್ಲ. ನೀರು ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿ ಎಂದೂ ಇಡಬಾರದು. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರವು ಸುಮಾರು ನೂರಕ್ಕೆ 9ರಷ್ಟು ಹಿಗ್ಗಿ ಗಾಜನ್ನು ಸೀಳಿಬಿಡುತ್ತದೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಒಂದೇ ಬಾಗಿಲಿನ ಸಾಮಾನ್ಯ ಫ್ರಿಜ್ಜುಗಳ ಫ್ರೀಜರಿನಲ್ಲಿ ದಿನಗಳೆದಂತೆ ಬೆಳ್ಳಗೆ ಮಂಜು ಕಟ್ಟುವುದನ್ನು ನಾವು ಕಂಡಿದ್ದೇವೆ. ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ಹೊರಗಿನ ಗಾಳಿಯ ತೇವವೂ, ಮುಚ್ಚದೆ ಇಟ್ಟ ಪದಾರ್ಥಗಳ ಆವಿಯೂ ತಣ್ಣನೆಯ ಗೋಡೆಗೆ ತಗಲಿ ಹೆಪ್ಪುಗಟ್ಟುವುದೇ ಇದು. ನಮ್ಮಂಥ ಕಡಲತೀರದ ಊರಿನಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ಇದು ಬೇಗ ಬೆಳೆಯುತ್ತದೆ. ಮಂಜು ಹೆಚ್ಚಿದಷ್ಟೂ ತಂಪು ಹೆಚ್ಚೆಂದು ಕೆಲವರು ತಿಳಿದಿರುವುದುಂಟು. ಇದು ತಪ್ಪು. ಮಂಜಿನ ಪದರವು ಕಂಬಳಿಯಂತೆ ಶಾಖದ ದಾರಿಗೆ ಅಡ್ಡ ನಿಲ್ಲುವುದರಿಂದ ಯಂತ್ರವು ಹೆಚ್ಚು ದುಡಿದು ವಿದ್ಯುತ್ತಿನ ಖರ್ಚು ಏರುತ್ತದೆ. ಪದರವು ಅರ್ಧ ಸೆಂಟಿಮೀಟರಿನಷ್ಟು ದಪ್ಪವಾದೊಡನೆ ಅದನ್ನು ಕರಗಿಸಬೇಕು. ‘ಫ್ರಾಸ್ಟ್ ಫ್ರೀ’ ಎಂಬ ಬಗೆಯ ಯಂತ್ರಗಳು ಮಾತ್ರ ಈ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ.

ಕರಗಿಸುವ ಬದಲು ಕೆತ್ತುವವರೇ ನಮ್ಮಲ್ಲಿ ಹೆಚ್ಚು! ಮಂಜಿನಲ್ಲಿ ಹೂತುಹೋದ ಹಾಲಿನ ಪೊಟ್ಟಣವನ್ನು ಬಿಡಿಸಲು ಅವಸರದಲ್ಲಿ ಚಾಕುವನ್ನೋ ಚಮಚದ ಹಿಡಿಯನ್ನೋ ಎತ್ತಿಕೊಳ್ಳುವುದು ಅನೇಕ ಮನೆಗಳಲ್ಲಿ ನಡೆಯುವ ನೋಟ. ಆದರೆ ಆ ತೆಳುವಾದ ಗೋಡೆಯೊಳಗೇ ಕೊಳವೆಗಳಿವೆಯೆಂಬುದನ್ನು ಮರೆಯಬಾರದು. ಚಾಕುವಿನ ಒಂದು ಇರಿತಕ್ಕೆ ಕೊಳವೆಯು ತೂತಾದರೆ ‘ಸುಯ್’ ಎಂಬ ಸದ್ದಿನೊಡನೆ ಒಳಗಿನ ಅನಿಲವು ಹೊರಬೀಳುತ್ತದೆ. ಹಿಂದಿನ ಯಂತ್ರಗಳಲ್ಲಿದ್ದ ಅನಿಲಗಳು ಬೆಂಕಿ ಹತ್ತುವಂಥವಲ್ಲ. ಆದರೆ ಅವು ಭೂಮಿಗೆ ಕೊಡೆಯಂತಿರುವ ಓಜೋನ್ ಪದರವನ್ನು ಕೆಡಿಸುತ್ತವೆಂದು ತಿಳಿದು, 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ಲಿನಲ್ಲಿ ಆದ ಒಪ್ಪಂದದ ತರುವಾಯ ಅವುಗಳನ್ನು ಕೈಬಿಡಲಾಯಿತು. ಈಗಿನ ಅನೇಕ ಫ್ರಿಜ್ಜುಗಳಲ್ಲಿರುವುದು ಐಸೊಬ್ಯುಟೇನ್. ಹಿಂಬದಿಯ ಚೀಟಿಯಲ್ಲಿ ‘ಆರ್ 600ಎ’ ಎಂದು ಬರೆದಿದ್ದರೆ ಅದೇ ಇದು. ಇದು ನಮ್ಮ ಅಡಿಗೆ ಅನಿಲದ ಹತ್ತಿರದ ಬಂಧು. ಒಂದು ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ನೂರು ಗ್ರಾಮಿಗಿಂತಲೂ ಕಡಮೆ ಇರುವುದಾದರೂ, ಕಿಟಕಿ ಮುಚ್ಚಿದ ಸಣ್ಣ ಅಡಿಗೆಮನೆಯಲ್ಲಿ, ಮಗ್ಗುಲಲ್ಲೇ ಒಲೆ ಉರಿಯುತ್ತಿರುವಾಗ, ಅಷ್ಟೇ ಅನರ್ಥಕ್ಕೆ ಸಾಕು. ಅಡಿಗೆ ಅನಿಲಕ್ಕೆ ಎಚ್ಚರಿಕೆಗಾಗಿ ಬೆರೆಸುವ ದುರ್ವಾಸನೆಯು ಸಾಮಾನ್ಯವಾಗಿ ಇದಕ್ಕೆ ಇರುವುದಿಲ್ಲ. ಅಂಥ ಸದ್ದು ಕೇಳಿಸಿದರೆ ಕೂಡಲೆ ಒಲೆಯನ್ನು ಆರಿಸಿ, ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ಬಾಗಿಲುಗಳನ್ನು ತೆರೆದು, ಎಲ್ಲರೂ ಹೊರಗೆ ಬಂದು, ಬಲ್ಲ ಮೆಕ್ಯಾನಿಕನನ್ನು ಕರೆಸಬೇಕು.

ಹಾಗಾದರೆ ಮಂಜನ್ನು ಕರಗಿಸುವ ಸರಿಯಾದ ಕ್ರಮವೇನು? ‘ತಾಳಿದವನು ಬಾಳಿಯಾನು’ ಎಂಬ ಗಾದೆಯೇ ಇಲ್ಲಿ ಸೂತ್ರ. ಮನೆಯಲ್ಲಿ ದೊಡ್ಡವರಿರುವ ಒಂದು ಬೆಳಗ್ಗೆ, ಒಳಗಿನ ಪದಾರ್ಥಗಳು ಕಡಮೆಯಿರುವ ದಿನವನ್ನು ನೋಡಿ ಕೆಲಸಕ್ಕೆ ತೊಡಗಬೇಕು. ಮೊದಲು ಒಣಗಿದ ಕೈಯಿಂದ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತಿಡಬೇಕು. ನೀರು ಮತ್ತು ವಿದ್ಯುತ್ತು ಒಂದೆಡೆ ಸೇರಬಾರದೆಂಬುದು ಎಲ್ಲಕ್ಕಿಂತ ಹಿರಿಯ ನಿಯಮ. ಎರಡನೆಯದಾಗಿ ಪದಾರ್ಥಗಳನ್ನೆಲ್ಲ ತೆಗೆದು, ಬೇಗ ಕೆಡುವಂಥವನ್ನು ಮಂಜುಗಡ್ಡೆಯೊಡನೆ ಪಾತ್ರೆಯಲ್ಲಿಟ್ಟು ದಪ್ಪ ಬಟ್ಟೆಯಿಂದ ಸುತ್ತಬೇಕು. ಮೂರನೆಯದಾಗಿ ಬಾಗಿಲನ್ನು ತೆರೆದಿಟ್ಟು, ಕೆಳಗೆ ಹಳೆಯ ಬಟ್ಟೆಗಳನ್ನು ಹಾಸಿ, ಮಂಜು ತಾನಾಗಿ ಕರಗಲು ಬಿಡಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕೆಂದು ವಿಜ್ಞಾನದ ತರಗತಿಯಲ್ಲಿ ಓದಿದ್ದೇವಷ್ಟೆ. ಆ ಶಾಖವು ಕೋಣೆಯ ಗಾಳಿಯಿಂದ ಬರಬೇಕಾದುದರಿಂದ ಕೆಲವು ಗಂಟೆಗಳು ಹಿಡಿಯುವುದು ಸಹಜ. ಬೇಗನೆ ಆಗಬೇಕಾದರೆ ಬಿಸಿನೀರಿನ ಪಾತ್ರೆಯೊಂದನ್ನು ಮಡಿಸಿದ ಬಟ್ಟೆಯ ಮೇಲೆ ಫ್ರೀಜರಿನೊಳಗೆ ಇಡಬಹುದು, ನೀರು ಕುದಿಯುತ್ತಿರಬಾರದು. ಕೂದಲು ಒಣಗಿಸುವ ಯಂತ್ರ, ಮೇಣದ ಬತ್ತಿ, ಹೀಟರುಗಳನ್ನು ಹತ್ತಿರಕ್ಕೂ ತರಬಾರದು. ಉಪ್ಪನ್ನು ಎರಚಿದರೆ ಲೋಹವು ತುಕ್ಕು ಹಿಡಿದೀತು. ಸಡಿಲಗೊಂಡ ಮಂಜನ್ನು ಕೈಯಿಂದಲೋ ಮರದ ಸೌಟಿನಿಂದಲೋ ಮೆಲ್ಲಗೆ ತೆಗೆಯಬಹುದು.

ಕರಗಿಸಿದ ದಿನವೇ ಶುಚಿಗೊಳಿಸುವುದಕ್ಕೂ ತಕ್ಕ ದಿನ. ಅರೆಗಳನ್ನು ಹೊರತೆಗೆದು ತೊಳೆಯಬೇಕು. ತಣ್ಣಗಿರುವ ಗಾಜಿನ ಅರೆಗೆ ಒಮ್ಮೆಲೇ ಬಿಸಿನೀರು ಸುರಿದರೆ ಅದು ಬಿರಿದುಹೋದೀತು. ಕೋಣೆಯ ಉಷ್ಣತೆಗೆ ಬಂದ ಬಳಿಕ ತೊಳೆಯಬೇಕು. ಒಳಗೋಡೆಗಳಿಗೆ ಒಂದು ಲೀಟರು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಚಮಚ ಅಡಿಗೆ ಸೋಡ ಕದಡಿ, ಬಟ್ಟೆಯನ್ನು ಅದ್ದಿ ಹಿಂಡಿ ಒರಸಿದರೆ ಕೊಳೆಯೂ ವಾಸನೆಯೂ ಹೋಗುತ್ತವೆ. ತರುವಾಯ ಬರಿಯ ನೀರಿನ ಬಟ್ಟೆಯಿಂದ ಒರಸಿ ಒಣಗಿಸಬೇಕು. ಬಾಗಿಲಿನ ಅಂಚಿನ ರಬ್ಬರು ಪಟ್ಟಿಯ ಮಡಿಕೆಗಳಲ್ಲಿ ಬೂಷ್ಟು ಬೆಳೆಯುವುದರಿಂದ ಅಲ್ಲಿಯೂ ಒರಸಬೇಕು. ಈ ಪಟ್ಟಿಯು ಸರಿಯಾಗಿದೆಯೆ ಎಂದು ತಿಳಿಯಲು ಕಾಗದದ ತುಂಡೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡಬೇಕು. ಸಲೀಸಾಗಿ ಜಾರಿ ಬಂದರೆ ಪಟ್ಟಿ ಸಡಿಲವಾಗಿದೆಯೆಂದೇ ಅರ್ಥ. ಎಲ್ಲವೂ ಒಣಗಿದ ಮೇಲೆ ಪ್ಲಗ್ಗು ಸಿಕ್ಕಿಸಿ, ಒಳಗೆ ತಂಪು ಹಿಡಿದ ಬಳಿಕ ಪದಾರ್ಥಗಳನ್ನು ಇಡತಕ್ಕದ್ದು.

ನಾವು ಸಾಮಾನ್ಯವಾಗಿ ಮರೆಯುವ ಸ್ಥಳವೊಂದಿದೆ. ಅನೇಕ ಫ್ರಿಜ್ಜುಗಳ ಹಿಂಭಾಗದಲ್ಲಿ, ಕಂಪ್ರೆಸರಿನ ಮೇಲೆ, ಕರಗಿದ ನೀರು ಬಂದು ಸೇರುವ ತಟ್ಟೆಯೊಂದಿರುತ್ತದೆ. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯಿಡುವುದು ಮನೆಯೊಳಗಿನ ಇಂಥ ನಿಂತ ನೀರಿನಲ್ಲಿಯೇ. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನಗಳು ಸಾಕು. ಬಾಗಿಲ ಮುಂದಿನ ಚರಂಡಿಯನ್ನು ಬಯ್ಯುವ ನಾವು ನಮ್ಮ ಬೆನ್ನ ಹಿಂದೆಯೇ ವೈರಿಯನ್ನು ಸಾಕಬಾರದಲ್ಲವೆ? ವಾರಕ್ಕೊಮ್ಮೆ ಪ್ಲಗ್ಗು ತೆಗೆದು, ಹಿರಿಯರ ನೆರವಿನಿಂದ ಆ ತಟ್ಟೆಯನ್ನು ಬರಿದುಮಾಡಿ, ಉಜ್ಜಿ ತೊಳೆದು, ಒಣಗಿಸಿ ಇಡಬೇಕು.

ವಿದ್ಯುತ್ತಿನ ವಿಷಯದಲ್ಲಿ ಇನ್ನೆರಡು ಮಾತು. ಶೈತ್ಯಪೆಟ್ಟಿಗೆಗೆ ಭೂಸಂಪರ್ಕವುಳ್ಳ ಮೂರು ಕಡ್ಡಿಯ ಪ್ಲಗ್ಗೇ ಬೇಕು. ಹಲವು ಉಪಕರಣಗಳನ್ನು ಒಂದೇ ಎಕ್ಸ್‌ಟೆನ್ಷನ್ ಹಲಗೆಗೆ ಪೋಣಿಸಬಾರದು. ಬಾಗಿಲನ್ನು ಮುಟ್ಟಿದಾಗ ‘ಜುಂ’ ಎಂದರೆ ಅದನ್ನು ತಮಾಷೆಯೆಂದು ಭಾವಿಸದೆ ಹಿರಿಯರಿಗೆ ತಿಳಿಸಬೇಕು. ವಿದ್ಯುತ್ತು ಹೋದಾಗ ಬಾಗಿಲನ್ನು ಮುಚ್ಚಿಯೇ ಇಟ್ಟರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆಗಳ ಕಾಲ ನಿಲ್ಲುತ್ತದೆ. ನೋಡುವ ಆಸೆಯಿಂದ ಪದೇ ಪದೇ ತೆರೆದರೆ ಅಷ್ಟೂ ಉಳಿಯದು.

ಕೊನೆಯದಾಗಿ, ಚಿಕ್ಕ ತಮ್ಮ ತಂಗಿಯರ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದನ್ನು ಹೇಳಲೇಬೇಕು. ಕೆಟ್ಟುಹೋದ ಫ್ರಿಜ್ಜನ್ನು ಕಟ್ಟಡದ ಮೆಟ್ಟಿಲ ಬಳಿಯಲ್ಲೋ ಗುಜರಿಯ ರಾಶಿಯಲ್ಲೋ ಇಟ್ಟಿರುವುದನ್ನು ನಾವು ಕಾಣುತ್ತೇವೆ. ಕಣ್ಣಾಮುಚ್ಚಾಲೆಯಾಡುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಅಡಗುತಾಣ ಇನ್ನೊಂದಿಲ್ಲವೆಂದು ತೋರಬಹುದು. ಆದರೆ ಬಾಗಿಲು ಮುಚ್ಚಿಕೊಂಡರೆ ಒಳಗೆ ಗಾಳಿಯಿಲ್ಲ. ಕೂಗಿದರೂ ಹೊರಗೆ ಕೇಳಿಸದು. ಅಮೆರಿಕದಲ್ಲಿ ಹೀಗೆ ಎಷ್ಟೋ ಎಳೆಯ ಜೀವಗಳು ಹೋದುದರಿಂದಲೇ, ಒಳಗಿನಿಂದಲೂ ಬಾಗಿಲು ತೆರೆಯುವಂತಿರಬೇಕೆಂದು 1956ರಲ್ಲಿ ಅಲ್ಲಿ ಶಾಸನವನ್ನು ಮಾಡಿದರು. ಆಮೇಲೆ ಕೊಂಡಿಯ ಬದಲು ಅಯಸ್ಕಾಂತದ ಪಟ್ಟಿ ಬಂದಿತು. ಆದರೂ ಇಕ್ಕಟ್ಟಿನಲ್ಲಿ ಮುದುಡಿಕೊಂಡ ಪುಟ್ಟ ಮಗುವಿಗೆ ಅದನ್ನು ತಳ್ಳುವಷ್ಟು ಬಲವಿರದು. ಹಳೆಯ ಫ್ರಿಜ್ಜನ್ನು ಹೊರಗಿಡುವ ಮುನ್ನ ಬಾಗಿಲನ್ನೇ ಕಳಚಿಸಬೇಕೆಂದು ನಮ್ಮ ಮನೆಯ ಹಿರಿಯರಿಗೆ ನೆನಪಿಸೋಣ. ಅಂಥದೊಂದು ಕಣ್ಣಿಗೆ ಬಿದ್ದರೆ ಆಟವನ್ನು ನಿಲ್ಲಿಸಿ ದೊಡ್ಡವರನ್ನು ಕರೆಯೋಣ.

ಯಂತ್ರಗಳು ನಮ್ಮ ಶ್ರಮವನ್ನು ಕಡಮೆ ಮಾಡುವುದು ನಿಜ. ಆದರೆ ಎಚ್ಚರವನ್ನು ನಮಗೇ ಬಿಟ್ಟುಕೊಡುತ್ತವೆ. ಚಾಕುವನ್ನು ದೂರವಿಟ್ಟು, ಪ್ಲಗ್ಗನ್ನು ಮೊದಲು ಕಿತ್ತು, ಹಿಂದಿನ ತಟ್ಟೆಯನ್ನು ಒಣಗಿಸಿಡುವ ಮನೆಯಲ್ಲಿ ಆಹಾರವೂ ಆರೋಗ್ಯವೂ ಕೆಡದೆ ಉಳಿಯುತ್ತವೆ. ಇಂದು ಸಂಜೆ ಮನೆಗೆ ಹೋದೊಡನೆ ಬಾಗಿಲನ್ನು ತೆರೆದು ನಿಲ್ಲುವ ಮೊದಲು, ದೊಡ್ಡವರೊಡನೆ ಸೇರಿ ಒಮ್ಮೆ ಆ ಪೆಟ್ಟಿಗೆಯ ಹಿಂದಕ್ಕೂ ಇಣಿಕಿ ನೋಡೋಣ.